ಗ್ರಾಫಿಕ್ಸ್ ಕಾರ್ಡ್ ಕಾದ ಕಥೆ: ಫ್ಯಾನೇ ಇಲ್ಲದ ಕಾಲದಿಂದ ಓವನ್‌ನಲ್ಲಿ ಬೇಯಿಸಿದ ಕಾಲದವರೆಗೆ

ಹೋದ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ತೋರಿಸಿದ ಫೋಟೋಗಳು ಇಲ್ಲಿಲ್ಲ, ಅದಕ್ಕೆ ಕೆಲವು ಕಡೆ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ಹೈದರಾಬಾದ್‌ನ ನಮ್ಮ ಫ್ಲ್ಯಾಟ್‌ನಲ್ಲಿ ನನ್ನ ಜೊತೆ ಇರೋ ಹುಡುಗ ರಾಯಚೂರಿನವನು. ನನಗಿಂತ ಏಳೆಂಟು ವರ್ಷ ಚಿಕ್ಕವನು. ಟೆಸ್ಟಿಂಗ್ ಕೆಲಸ ಮಾಡ್ತಾನೆ, ಆದರೆ ಮನಸ್ಸೆಲ್ಲ ತ್ರೀಡಿ ಆನಿಮೇಷನ್ ಮೇಲೆ. ರಾತ್ರಿ ಹನ್ನೆರಡರ ತನಕ ಬ್ಲೆಂಡರ್ ಕಲೀತಾನೆ, ಹನ್ನೆರಡರ ಮೇಲೆ ಗೇಮ್. (ಮನೆಯಲ್ಲಿ ಮೊದಲನೇದು ಮಾತ್ರ ಗೊತ್ತು.) ನಾಲ್ಕು ತಿಂಗಳು ದುಡ್ಡು ಕೂಡಿಟ್ಟು ಒಂದು ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡ್ ತಂದ. ಚಳಿಗಾಲದಲ್ಲಿ ಚೆನ್ನಾಗೇ ಓಡ್ತು. ಏಪ್ರಿಲ್ ಬಂತು ನೋಡಿ, ಹತ್ತು ನಿಮಿಷಕ್ಕೆ ಫ್ಯಾನ್ ಕಿರುಚೋಕೆ ಶುರು, ಆಮೇಲೆ ಚಿತ್ರ ತಡವರಿಸೋದು, ಆಮೇಲೆ ಪರದೆ ಕಪ್ಪು. ಮಾರಿದವನು ಫೋನ್ ಎತ್ತೋದನ್ನೇ ಬಿಟ್ಟ.

ಒಂದು ರಾತ್ರಿ ನೀರು ಕುಡಿಯೋಕೆ ಅಂತ ಅಡುಗೆಮನೆಗೆ ಹೋದ್ರೆ ಇವನು ಓಟಿಜಿ ಒರೆಸ್ತಾ ನಿಂತಿದ್ದಾನೆ. ಪಕ್ಕದಲ್ಲಿ ಕಾರ್ಡ್, ಫ್ಯಾನ್ ಎಲ್ಲ ಬಿಚ್ಚಿ ಬರೀ ಬೋರ್ಡ್. "ಅಣ್ಣಾ, ಇದರಾಗ ಹತ್ತು ನಿಮಿಷ ಇಟ್ರ ಸರಿ ಆಗ್ತದಂತ. ವಿಡಿಯೋ ನೋಡೀನಿ."

ನಗಬೇಡಿ. ಆ ಉಪಾಯ ಇವನು ಹುಟ್ಟಿಸಿದ್ದಲ್ಲ. ಪ್ರಪಂಚದಾದ್ಯಂತ ಎಷ್ಟೋ ಜನ ಕಾರ್ಡ್ ಬೇಯಿಸಿದ್ದಾರೆ, ಮತ್ತು ಅದರಲ್ಲಿ ಕೆಲವು ನಿಜವಾಗಿಯೂ ಎದ್ದು ಕೂತಿವೆ. ಯಾಕೆ ಎದ್ದವು, ಯಾಕೆ ಮತ್ತೆ ಸತ್ತವು ಅನ್ನೋದು ಗೊತ್ತಾಗಬೇಕಾದ್ರೆ ಸುಮಾರು 30 ವರ್ಷ ಹಿಂದಕ್ಕೆ ಹೋಗಬೇಕು.

1996ರಲ್ಲಿ ತ್ರೀಡಿಎಫ್‌ಎಕ್ಸ್ ಕಂಪನಿಯ ವೂಡೂ ಗ್ರಾಫಿಕ್ಸ್ ಬಂತು. ಮನೆಯ ಕಂಪ್ಯೂಟರ್‌ನಲ್ಲಿ ತ್ರೀಡಿ ಗೇಮ್ ಸರಾಗವಾಗಿ ಓಡೋ ಹಾಗೆ ಮಾಡಿದ ಕಾರ್ಡ್ ಅದು. ಅದರ ಫೋಟೋ ನೋಡಿದರೆ ಇವತ್ತಿನವರಿಗೆ ಏನೋ ಕಳೆದುಹೋಗಿದೆ ಅನಿಸುತ್ತೆ. ಫ್ಯಾನ್ ಇಲ್ಲ, ಹೀಟ್‌ಸಿಂಕ್ ಕೂಡ ಇಲ್ಲ. ಬೋರ್ಡ್ ಮೇಲೆ ಚಿಪ್‌ಗಳು ಬರಿಮೈಯಲ್ಲಿ ಕೂತಿವೆ. ಓಡ್ತಿದ್ದದ್ದು 50 ಮೆಗಾಹರ್ಟ್ಸ್‌ನಲ್ಲಿ. ಕೈಯಿಟ್ಟು ನೋಡೋ ಅಷ್ಟು ಬೆಚ್ಚಗಾಗ್ತಿತ್ತು, ಅಷ್ಟೇ.

ಮೂರೇ ವರ್ಷ. 1999ರಲ್ಲಿ ಎನ್ವಿಡಿಯಾ ಜೀಫೋರ್ಸ್ 256 ತಂದು, ಜಗತ್ತಿನ ಮೊದಲ ಜಿಪಿಯು ಅಂತ ಡಂಗುರ ಹೊಡೀತು. ಅಲ್ಲಿಯವರೆಗೆ ಸಿಪಿಯು ಮಾಡ್ತಿದ್ದ ಜ್ಯಾಮಿತಿಯ ಲೆಕ್ಕ, ಬೆಳಕಿನ ಲೆಕ್ಕ ಎರಡೂ ಕಾರ್ಡ್ ಮೇಲೆ ಬಿತ್ತು. ಕೆಲಸದ ಜೊತೆ ಬಿಸಿಯೂ ಬಂತು, ಬಿಸಿಯ ಜೊತೆ ಬೆಂಕಿಪೊಟ್ಟಣಕ್ಕಿಂತ ಕೊಂಚ ದೊಡ್ಡ ಫ್ಯಾನ್ ಬಂತು. 2000ದಲ್ಲಿ ತ್ರೀಡಿಎಫ್‌ಎಕ್ಸ್‌ನ ವೂಡೂ5 5500 ಬಂದಾಗ ಒಂದೇ ಬೋರ್ಡ್ ಮೇಲೆ ಎರಡು ಚಿಪ್, ಎರಡು ಫ್ಯಾನ್. ಸ್ಲಾಟ್‌ನಿಂದ ಸಿಗೋ ಕರೆಂಟ್ ಸಾಲದೆ ಹಾರ್ಡ್ ಡಿಸ್ಕ್‌ಗೆ ಹೋಗೋ ವೈರ್ ಒಂದನ್ನ ಕಾರ್ಡ್‌ಗೆ ಚುಚ್ಚಬೇಕಾಯ್ತು. ಅದರ ಅಣ್ಣ 6000ಕ್ಕೆ ನಾಲ್ಕು ಚಿಪ್, ಗೋಡೆಯ ಪ್ಲಗ್ಗಿಗೆ ಹಾಕೋ ಬೇರೆಯದೇ ಅಡಾಪ್ಟರ್ ಯೋಜನೆ. ಅದು ಮಾರುಕಟ್ಟೆಗೇ ಬರಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ ತ್ರೀಡಿಎಫ್‌ಎಕ್ಸ್ ತನ್ನ ಬಹುಪಾಲು ಆಸ್ತಿಯನ್ನ ಎನ್ವಿಡಿಯಾಗೆ ಮಾರೋದಾಗಿ ಹೇಳ್ತು.

ಗೆದ್ದ ಎನ್ವಿಡಿಯಾ ಕೂಡ ಸುಖವಾಗಿರಲಿಲ್ಲ. 2002ರ ಆಗಸ್ಟ್‌ನಲ್ಲಿ ಎಟಿಐ ಕಂಪನಿ ರೇಡಿಯಾನ್ 9700 ಪ್ರೋ ಬಿಟ್ಟು ಎಲ್ಲರನ್ನೂ ಹಿಂದೆ ಹಾಕಿತು. 325 ಮೆಗಾಹರ್ಟ್ಸ್ ಅಷ್ಟೇ, ಆದರೆ ಮೆಮೊರಿಯ ದಾರಿ 256 ಬಿಟ್ ಅಗಲ. ಎನ್ವಿಡಿಯಾದ ಉತ್ತರ ಜೀಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ, ಅದರ ದಾರಿ 128 ಬಿಟ್. ರಸ್ತೆ ಚಿಕ್ಕದಾದ್ರೆ ಗಾಡಿ ಜೋರಾಗಿ ಓಡಿಸಬೇಕು ತಾನೆ? 500 ಮೆಗಾಹರ್ಟ್ಸ್‌ಗೆ ಏರಿಸಿದ್ರು. ಆ ಬಿಸಿ ಹೊರಹಾಕೋಕೆ ಎರಡು ಸ್ಲಾಟ್ ತಿನ್ನೋ, ಹೊರಗಿನ ಗಾಳಿ ಎಳೆದು ಹೊರಗೇ ಉಗುಳೋ ಒಂದು ಯಂತ್ರ ಕಟ್ಟಿದ್ರು. 2003ರ ಶುರುವಿನಲ್ಲಿ ಅದು ಅಂಗಡಿಗೆ ಬಂದಾಗ ಗೇಮ್ ಶಬ್ದ ಕೇಳಿಸದಷ್ಟು ಗದ್ದಲ. ಜನ ಡಸ್ಟ್‌ಬಸ್ಟರ್ ಅಂತ ಹೆಸರಿಟ್ರು. ಕಡೆಗೆ ಎನ್ವಿಡಿಯಾ ಸಿಬ್ಬಂದಿಯೇ ತಮ್ಮನ್ನ ತಾವು ಗೇಲಿ ಮಾಡ್ಕೊಂಡು, ಎಲೆ ಗುಡಿಸೋ ಬ್ಲೋವರ್‌ಗೆ ಈ ಕಾರ್ಡ್ ಹಾಕಿದಂಗೆ ಒಂದು ವಿಡಿಯೋ ಮಾಡಿದ್ರು. ಇದನ್ನ ಮಾತ್ರ ಮೆಚ್ಚಬೇಕು. ನಾವು ಪ್ರೊಡಕ್ಷನ್‌ನಲ್ಲಿ ಏನಾದ್ರೂ ಕೆಡಿಸಿದಾಗ ನಮ್ಮ ಕಂಪನಿಗಳು ಹೀಗೆ ವಿಡಿಯೋ ಮಾಡಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಚಿಪ್ ತಯಾರಿಸೋ ತಂತ್ರ ವರ್ಷ ವರ್ಷ ಸಣ್ಣದಾಗ್ತಾ ಬಂದಿದೆ, ಟ್ರಾನ್ಸಿಸ್ಟರ್ ಸಣ್ಣದಾದ್ರೆ ಕರೆಂಟ್ ಕಡಿಮೆ ಸಾಕು. ಹಾಗಿದ್ರೆ ಬಿಸಿ ಯಾಕೆ ಏರ್ತಾನೇ ಹೋಯ್ತು?

ಉತ್ತರ ಐಬಿಎಂನ ರಾಬರ್ಟ್ ಡೆನಾರ್ಡ್ ಹತ್ತಿರ ಇದೆ. 1974ರ ಪ್ರಬಂಧದಲ್ಲಿ ಅವರು ಮತ್ತು ಜೊತೆಗಾರರು ತೋರಿಸಿದ್ದು ಇದು: ಟ್ರಾನ್ಸಿಸ್ಟರ್‌ನ ಅಳತೆ ಕುಗ್ಗಿಸಿದಷ್ಟೇ ವೋಲ್ಟೇಜನ್ನೂ ಕುಗ್ಗಿಸಿದರೆ, ಒಂದು ಚದರ ಮಿಲಿಮೀಟರ್‌ನಲ್ಲಿ ಹುಟ್ಟೋ ಬಿಸಿ ಹಾಗೇ ಇರುತ್ತೆ. ಅಂದ್ರೆ ಅದೇ ಜಾಗದಲ್ಲಿ ದುಪ್ಪಟ್ಟು ಟ್ರಾನ್ಸಿಸ್ಟರ್ ತುಂಬಿದ್ರೂ ಬಿಲ್ ಅಷ್ಟೇ. ಸುಮಾರು 30 ವರ್ಷ ಇಡೀ ಉದ್ಯಮ ಈ ಒಂದು ಲೆಕ್ಕದ ಮೇಲೆ ನಡೀತು. 2005ರ ಆಸುಪಾಸಿನಲ್ಲಿ ಅದು ಕೆಟ್ಟಿತು. ವೋಲ್ಟೇಜ್ ಇನ್ನೂ ಇಳಿಸಿದರೆ ಟ್ರಾನ್ಸಿಸ್ಟರ್ ಆಫ್ ಇದ್ದಾಗಲೂ ಕರೆಂಟ್ ಸೋರೋಕೆ ಶುರು, ಕೆಟ್ಟ ನಲ್ಲಿ ಥರ. ವೋಲ್ಟೇಜ್ ನಿಂತಿತು, ಟ್ರಾನ್ಸಿಸ್ಟರ್ ಸಂಖ್ಯೆ ನಿಲ್ಲಲಿಲ್ಲ. ಸಿಪಿಯು ಮಾಡೋರು ವೇಗ ಏರಿಸೋದು ಬಿಟ್ಟು ಕೋರ್‌ಗಳ ಸಂಖ್ಯೆ ಹೆಚ್ಚಿಸಿದ್ರು. ಗ್ರಾಫಿಕ್ಸ್‌ನವರಿಗೆ ಮೊದಲೇ ಸಾವಿರಾರು ಸಣ್ಣ ಲೆಕ್ಕ ಒಟ್ಟಿಗೆ ಮಾಡೋದೇ ಕಸುಬು, ಅವರು ಚಿಪ್ ದೊಡ್ಡದು ಮಾಡ್ತಾ ಹೋದ್ರು. 2006ರ 8800 ಜಿಟಿಎಕ್ಸ್‌ನಲ್ಲಿ 68.1 ಕೋಟಿ ಟ್ರಾನ್ಸಿಸ್ಟರ್. 2010ರ ಜಿಟಿಎಕ್ಸ್ 480ರಲ್ಲಿ ಸುಮಾರು 300 ಕೋಟಿ, 250 ವಾಟ್. 2022ರ ಆರ್‌ಟಿಎಕ್ಸ್ 4090 ಅಂದ್ರೆ 450 ವಾಟ್, 2025ರ 5090 ಅಂದ್ರೆ 575 ವಾಟ್. ಪಿಜಿಯಲ್ಲಿ ಬಕೆಟ್ ನೀರು ಕಾಯಿಸೋ 1500 ವಾಟ್ ರಾಡ್ ಗೊತ್ತಲ್ಲ, ಅಂಥದರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ಗಂಟೆಗಟ್ಟಲೆ, ನಿಮ್ಮ ಕೋಣೆಯೊಳಗೆ.

ಈಗ ಓವನ್ ಕಥೆ. ಬೇಸರದ ಕಥೆ ಇದು, ಸ್ವಲ್ಪ ಉದ್ದ ಹೇಳ್ತೀನಿ.

ಚಿಪ್ ಅಂದ್ರೆ ನಮಗೆ ಕಾಣೋ ಹೊಳೆಯೋ ಸಿಲಿಕಾನ್ ಚೂರು. ಅದು ಒಂದು ಹಸಿರು ತಳದ ಮೇಲೆ ಬೋರಲಾಗಿ ಕೂತಿರುತ್ತೆ. ನಡುವೆ ಕೂದಲೆಳೆ ದಪ್ಪದ ಸಾವಿರಾರು ಬೆಸುಗೆಯ ಉಬ್ಬುಗಳು, ಇಂಗ್ಲಿಷಿನವರ ಬಂಪ್. ಉಬ್ಬುಗಳ ಸುತ್ತ ಖಾಲಿ ಜಾಗಕ್ಕೆ ಅಂಡರ್‌ಫಿಲ್ ಅನ್ನೋ ಅಂಟು ತುಂಬಿರ್ತಾರೆ. ತೊಂದರೆ ಏನು ಅಂದ್ರೆ, ಬಿಸಿಯಾದಾಗ ಸಿಲಿಕಾನ್ ಹಿಗ್ಗೋದಕ್ಕಿಂತ ಆ ತಳ ಐದಾರು ಪಟ್ಟು ಹೆಚ್ಚು ಹಿಗ್ಗುತ್ತೆ. ಗೇಮ್ ಶುರು ಮಾಡಿದ್ರಿ, ಹಿಗ್ಗಿತು. ಮುಚ್ಚಿದ್ರಿ, ಕುಗ್ಗಿತು. ಪ್ರತಿ ಸಲವೂ ಆ ಉಬ್ಬುಗಳನ್ನ ಮೇಲಿನವನು ಒಂದು ಕಡೆ, ಕೆಳಗಿನವನು ಇನ್ನೊಂದು ಕಡೆ ಎಳೀತಾರೆ. ತಂತಿಯನ್ನ ಹಿಂದೆ ಮುಂದೆ ಬಗ್ಗಿಸ್ತಾ ಇದ್ರೆ ಒಂದಿನ ತುಂಡಾಗಲ್ವಾ, ಹಾಗೆ. ಇದನ್ನ ತಡೀಬೇಕಾದ್ದು ಅಂಡರ್‌ಫಿಲ್. ಅದು ಬಿಸಿಗೆ ಮೆತ್ತಗಾಗೋ ಜಾತಿಯದ್ದಾದ್ರೆ ಇಡೀ ಎಳೆತ ಉಬ್ಬುಗಳ ಮೇಲೆ.

2008ರ ಜುಲೈನಲ್ಲಿ ಎನ್ವಿಡಿಯಾ ಹೂಡಿಕೆದಾರರಿಗೆ ತಿಳಿಸಿತು: ಹಿಂದಿನ ಪೀಳಿಗೆಯ ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಡೈ ಮತ್ತು ಪ್ಯಾಕೇಜಿಂಗ್ ಸಾಮಗ್ರಿ ದುರ್ಬಲ, ರಿಪೇರಿ ಖರ್ಚಿಗೆ 15ರಿಂದ 20 ಕೋಟಿ ಡಾಲರ್ ತೆಗೆದಿಡ್ತೀವಿ ಅಂತ. ಎಚ್‌ಪಿ, ಡೆಲ್, ಆಪಲ್ ಲ್ಯಾಪ್‌ಟಾಪ್ ಕೊಂಡವರು ಅಮೆರಿಕದಲ್ಲಿ ಕೋರ್ಟಿಗೆ ಹೋದ್ರು, 2010ರಲ್ಲಿ ರಾಜಿ ಆಯ್ತು. ಬಂಪ್‌ಗೇಟ್ ಅಂತ ಹೆಸರು ಉಳೀತು. ಅದಕ್ಕೆ ಒಂದು ವರ್ಷ ಮೊದಲು, 2007ರ ಜುಲೈನಲ್ಲಿ, ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ 360ರ ಕೆಂಪು ದೀಪದ ಕಾಯಿಲೆಗೆ ವಾರಂಟಿಯನ್ನ ಮೂರು ವರ್ಷಕ್ಕೆ ಏರಿಸಿ, 100 ಕೋಟಿ ಡಾಲರ್‌ಗೂ ಹೆಚ್ಚು ಖರ್ಚು ಬರ್ಕೊಂಡಿತ್ತು. ಅಲ್ಲೂ ಮೂಲ ಅದೇ, ಬಿಸಿ-ತಂಪು, ಬಿಸಿ-ತಂಪು, ಕೊನೆಗೆ ಸಂಪರ್ಕ ಬಿರುಕು. 2006ರ ಜುಲೈನಿಂದ ಯುರೋಪಿನ ಕಾನೂನು ಬೆಸುಗೆಯಲ್ಲಿ ಸೀಸ ಬೇಡ ಅಂದದ್ದೇ ಇದಕ್ಕೆಲ್ಲ ಕಾರಣ ಅಂತ ಹಲವರು ಹೇಳ್ತಾರೆ. ನಾನು ಪೂರ್ತಿ ಒಪ್ಪಲ್ಲ. ಸೀಸ ಬಹುಪಾಲು ಇರೋ, ಹೆಚ್ಚು ಬಿಸಿಗೆ ಕರಗೋ ಬೆಸುಗೆಗೆ ಆ ಕಾನೂನಿನಲ್ಲೇ ವಿನಾಯ್ತಿ ಇತ್ತು. ಎನ್ವಿಡಿಯಾ ಪ್ರಕರಣದಲ್ಲಿ ಚರ್ಚೆಯಾದದ್ದೂ ಅಂಥ ಸೀಸದ ಉಬ್ಬು ಮತ್ತು ಅದಕ್ಕೆ ಹೊಂದದ ಅಂಟಿನ ಜೋಡಿಯೇ.

ಮಾಮೂಲಿ ಜನಕ್ಕೆ ಇದೆಲ್ಲ ಎಲ್ಲಿ ಗೊತ್ತು? ವಾರಂಟಿ ಮುಗಿದಿದೆ, ಪರದೆ ತುಂಬ ಬಣ್ಣದ ಗೆರೆ. ಯಾರೋ ಒಬ್ಬ ಸತ್ತ ಕಾರ್ಡನ್ನ ಸುಮಾರು 200 ಡಿಗ್ರಿಗೆ ಎಂಟ್ಹತ್ತು ನಿಮಿಷ ಓವನ್‌ನಲ್ಲಿಟ್ಟ. ತಣಿಸಿ ಹಾಕಿದ್ರೆ ಚಿತ್ರ ಬಂತು! ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಎಕ್ಸ್‌ಬಾಕ್ಸ್‌ನವರು ಟವೆಲ್ ಸುತ್ತಿ ಕುದಿಸಿದ್ರು. ಬೆಸುಗೆ ಕರಗಿ ಮತ್ತೆ ಕೂಡ್ಕೊಂಡಿತು ಅನ್ನೋದು ಎಲ್ಲರ ನಂಬಿಕೆ.

ಲೆಕ್ಕ ಹಾಕಿ ನೋಡಿ. ಬೋರ್ಡಿನ ಸೀಸವಿಲ್ಲದ ಬೆಸುಗೆ ಕರಗೋದು ಸುಮಾರು 217 ಡಿಗ್ರಿಗೆ. ಸೀಸ ಜಾಸ್ತಿ ಇರೋ ಉಬ್ಬು ಕರಗೋದು 300ರ ಮೇಲೆ. 200 ಡಿಗ್ರಿಯ ಓವನ್‌ನಲ್ಲಿ ಎರಡೂ ಕರಗಲ್ಲ! ಆದದ್ದು ಇಷ್ಟೇ: ಬಿಸಿಗೆ ಹಿಗ್ಗಿ, ಬಿರುಕಿನ ಎರಡು ಅಂಚು ತಾತ್ಕಾಲಿಕವಾಗಿ ಮುಟ್ಟಿದವು. ಮತ್ತೆ ನಾಲ್ಕು ದಿನ ಗೇಮ್ ಆಡಿದ್ರೆ ಅದೇ ಎಳೆದಾಟ, ಅದೇ ಬಿರುಕು. ಕೆಲವರಿಗೆ ವಾರ ಬಂತು, ಕೆಲವರಿಗೆ ತಿಂಗಳುಗಟ್ಟಲೆ ಬಂತು. ಅಷ್ಟರಲ್ಲಿ ಬೋರ್ಡಿನ ಕೆಪಾಸಿಟರ್‌ಗಳ ಆಯಸ್ಸು ಕರಗಿರುತ್ತೆ, ಪ್ಲಾಸ್ಟಿಕ್ಕು, ಫ್ಲಕ್ಸು, ರೆಸಿನ್ನಿನ ಹೊಗೆ ಬ್ರೆಡ್ ಸುಡೋ ಡಬ್ಬಿಯ ಒಳಗೋಡೆಗೆ ಅಂಟಿರುತ್ತೆ.

ಎಲ್ಲಕ್ಕಿಂತ ಮುಖ್ಯ, ನಮ್ಮ ರಾಯಚೂರು ಹುಡುಗನ ಕಾರ್ಡ್‌ಗೆ ಈ ಕಾಯಿಲೆಯೇ ಇರಲಿಲ್ಲ. ಬಿರುಕು ಬಿಟ್ಟ ಚಿಪ್ ತಣ್ಣಗಿದ್ದಾಗಲೂ ಕಾಟ ಕೊಡುತ್ತೆ, ಬೂಟ್ ಆಗುವಾಗಲೇ ಗೆರೆ ಬರುತ್ತೆ. ಇವನದ್ದು ಹತ್ತು ನಿಮಿಷ ಚೆನ್ನಾಗಿ ಓಡಿ, ಕಾದು, ನಿಲ್ಲೋದು. ಜ್ವರಕ್ಕೂ ಮೂಳೆ ಮುರಿತಕ್ಕೂ ಒಂದೇ ಔಷಧಿ ಅಲ್ವಲ್ಲ.

2010 ಒಂದು ವಿಚಿತ್ರ ವರ್ಷ, ನಮ್ಮಂಥ ಸಾಫ್ಟ್‌ವೇರ್‌ನವರು ಸ್ವಲ್ಪ ತಲೆ ತಗ್ಗಿಸಬೇಕಾದ ವರ್ಷ. ಮಾರ್ಚ್‌ನಲ್ಲಿ ಎನ್ವಿಡಿಯಾದ 196.75 ಡ್ರೈವರ್ ಫ್ಯಾನ್ ವೇಗವನ್ನ ಸರಿಯಾಗಿ ನಿಭಾಯಿಸದೆ ಕಾರ್ಡ್‌ಗಳು ಕಾದವು, ಕಂಪನಿ ಅದನ್ನ ವಾಪಸ್ ತಗೊಂಡಿತು. ಜುಲೈನಲ್ಲಿ ಬ್ಲಿಝಾರ್ಡ್‌ನ ಸ್ಟಾರ್‌ಕ್ರಾಫ್ಟ್ 2 ಬಂತು. ಯುದ್ಧದ ದೃಶ್ಯದಲ್ಲಲ್ಲ, ಮೆನುವಿನಲ್ಲಿ ಕಾರ್ಡ್ ಕಾಯ್ತಿತ್ತು! ಯಾಕಂದ್ರೆ ಮೆನು ಬಿಡಿಸೋದು ಹಗುರ ಕೆಲಸ, ಸೆಕೆಂಡಿಗೆ ಇಷ್ಟೇ ಫ್ರೇಮ್ ಸಾಕು ಅಂತ ಯಾರೂ ಹೇಳಿರಲಿಲ್ಲ, ಕಾರ್ಡ್ ತನ್ನ ಪಾಡಿಗೆ ನೂರಾರು ಫ್ರೇಮ್ ಬಿಡಿಸ್ತಾ ಕೂತಿತು. ಸೆಟ್ಟಿಂಗ್ಸ್ ಫೈಲ್‌ನಲ್ಲಿ ಎರಡು ಸಾಲು ಸೇರಿಸಿ ಅಂತ ಬ್ಲಿಝಾರ್ಡ್ ಹೇಳಬೇಕಾಯ್ತು. 2021ರಲ್ಲಿ ಅಮೆಝಾನ್‌ನ ನ್ಯೂ ವರ್ಲ್ಡ್ ಗೇಮ್‌ನ ಬೀಟಾ ಆಡ್ತಿದ್ದವರ ಕೆಲವು 3090 ಕಾರ್ಡ್‌ಗಳು ಸತ್ತಾಗಲೂ ಮೊದಲ ಅನುಮಾನ ಮೆನು ಮೇಲೇ ಬಿತ್ತು. ಕಾರ್ಡ್ ತಯಾರಿಸಿದ ಇವಿಜಿಎ ಆಮೇಲೆ ಕೆಲವು ಕಾರ್ಡ್‌ಗಳ ಬೆಸುಗೆ ದೋಷ ಅಂತ ವಿವರಣೆ ಕೊಟ್ಟಿತು. ಎಂಟೆಕ್‌ನಲ್ಲಿ ನಮಗೆ ಅಲ್ಗಾರಿದಮ್‌ನ ಸಮಯ ಅಳೆಯೋದು ಕಲಿಸಿದ್ರು, ಜಾಗ ಅಳೆಯೋದು ಕಲಿಸಿದ್ರು. ಅದು ಎಷ್ಟು ಡಿಗ್ರಿ ಅಂತ ಯಾರೂ ಕೇಳಲಿಲ್ಲ.

2013ರಲ್ಲಿ ಎಎಮ್‌ಡಿಯ ಆರ್9 290ಎಕ್ಸ್ ಬಂದಾಗ 95 ಡಿಗ್ರಿಯಲ್ಲೇ ಓಡೋದು ನಮ್ಮ ವಿನ್ಯಾಸ ಅಂತ ಕಂಪನಿ ಸಮರ್ಥಿಸಿಕೊಂಡಿತು. ತಾಂತ್ರಿಕವಾಗಿ ತಪ್ಪಲ್ಲ. ಆದರೆ ಇಂಥ ಮಾತು ಕೇಳಿದಾಗಲೆಲ್ಲ ನನಗೆ ಒಂದು ಪ್ರಶ್ನೆ: ಯಾವ ಕೋಣೆಯಲ್ಲಿ? ರಿವ್ಯೂ ಮಾಡೋರ ಕೋಣೆ 22 ಡಿಗ್ರಿ ಅಂದ್ಕೊಳ್ಳಿ, ಕಾರ್ಡ್ 76 ತೋರಿಸ್ತು. ಅಂದ್ರೆ ಕೋಣೆಗಿಂತ 54 ಜಾಸ್ತಿ. ಕೂಲರ್‌ಗೆ ಗೊತ್ತಿರೋದು ಈ 54 ಮಾತ್ರ. ಮೇ ತಿಂಗಳಲ್ಲಿ ಎಸಿ ಇಲ್ಲದ ನಮ್ಮ ಕೋಣೆ 38 ಇದ್ರೆ ಅದೇ ಕಾರ್ಡ್ 92ಕ್ಕೆ ನಿಲ್ಲುತ್ತೆ. ನಾಗಪುರ, ದೆಹಲಿಯಲ್ಲಿರೋರಿಗೆ ಇದನ್ನ ಹೇಳಬೇಕಾಗಿಲ್ಲ. ಕಾರ್ಡ್ ಕೆಟ್ಟಿದೆ ಅಂತ ಬೈಕೊಳ್ಳೋ ಮುಂಚೆ ಒಂದು ಥರ್ಮಾಮೀಟರ್ ಗೋಡೆಗೆ ನೇತುಹಾಕಿ.

ಕೂಲರ್ ವಿಷಯಕ್ಕೆ ಬಂದ್ರೆ, ಇವತ್ತಿನ ಕಾರ್ಡ್‌ಗಳಲ್ಲಿ ಕಾಣೋ ತಾಮ್ರದ ಕೊಳವೆ ಗಟ್ಟಿ ತಾಮ್ರ ಅಲ್ಲ. ಒಳಗೆ ಪೊಳ್ಳು, ಗಾಳಿ ತೆಗೆದು ಕೆಲವು ಹನಿ ನೀರು ಬಿಟ್ಟು ಮುಚ್ಚಿರ್ತಾರೆ. ಒತ್ತಡ ಕಡಿಮೆ ಇರೋದ್ರಿಂದ ನೀರು ಬೇಗ ಆವಿಯಾಗುತ್ತೆ, ಆವಿ ತಣ್ಣಗಿರೋ ತುದಿಗೆ ಓಡಿ ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿಗಟ್ಟೋ ಹಾಗೆ ಹನಿಯಾಗುತ್ತೆ, ಒಳಗೋಡೆಯ ಬತ್ತಿ ಆ ನೀರನ್ನ ವಾಪಸ್ ಎಳೆಯುತ್ತೆ. 1944ರಲ್ಲಿ ಜನರಲ್ ಮೋಟಾರ್ಸ್‌ನ ರಿಚರ್ಡ್ ಗಾಗ್ಲರ್‌ಗೆ ಇದರ ಪೇಟೆಂಟ್ ಸಿಕ್ಕಿತ್ತು, ಬಳಸಿದವರಿಲ್ಲ. 1963ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ಮತ್ತೆ ಕಂಡುಹಿಡಿದರು, ಉಪಗ್ರಹಗಳಿಗೆ ಹೋಯ್ತು, ಅಲ್ಲಿಂದ ನಮ್ಮ ಮೇಜಿನ ಕೆಳಗೆ. ಕೊಳವೆಯನ್ನ ಚಪ್ಪಟೆ ಡಬ್ಬಿ ಮಾಡಿದ್ರೆ ವೇಪರ್ ಚೇಂಬರ್. 2022ರ ಡಿಸೆಂಬರ್‌ನಲ್ಲಿ ಬಂದ ಎಎಮ್‌ಡಿಯ 7900 ಎಕ್ಸ್‌ಟಿಎಕ್ಸ್ ಕೆಲವರ ಮನೆಯಲ್ಲಿ 110 ಡಿಗ್ರಿ ಮುಟ್ಟಿ ಏದುಸಿರು ಬಿಡ್ತಿತ್ತು. ಜರ್ಮನಿಯ ಡೆರ್‌ಬಾವರ್ ಅದೇ ಕಾರ್ಡನ್ನ ಮಲಗಿಸಿ, ನಿಲ್ಲಿಸಿ ಅಳೆದು ನೋಡಿ ತಪ್ಪು ವೇಪರ್ ಚೇಂಬರ್‌ನಲ್ಲಿದೆ ಅಂತ ತೋರಿಸಿದರು. 2023ರ ಜನವರಿಯಲ್ಲಿ ಎಎಮ್‌ಡಿ ಒಪ್ಪಿಕೊಂಡಿತು: ಒಂದಷ್ಟು ಕಾರ್ಡ್‌ಗಳಿಗೆ ನೀರು ಕಡಿಮೆ ಬಿದ್ದಿದೆ. ಸಾವಿರ ಡಾಲರ್‌ನ ಕಾರ್ಡ್, ನಾಲ್ಕು ಹನಿ ನೀರಿಗೆ ಗತಿಯಿಲ್ಲ.

ಸರಿ, ನಮ್ಮ ಕಾರ್ಡ್‌ಗೆ ಬರೋಣ. 2022ರ ಸೆಪ್ಟೆಂಬರ್ 15ಕ್ಕೆ ಎಥೀರಿಯಂ ತನ್ನ ರೀತಿ ಬದಲಿಸಿದ ಮೇಲೆ ಗ್ರಾಫಿಕ್ಸ್ ಕಾರ್ಡ್‌ನಿಂದ ಅದರ ಮೈನಿಂಗ್ ನಿಂತುಹೋಯ್ತು, ಹಗಲು ರಾತ್ರಿ ದುಡಿದ ಕಾರ್ಡ್‌ಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಬಂದವು. ಎಥೀರಿಯಂ ಮೈನಿಂಗ್ ಹಿಂಡೋದು ಮೆಮೊರಿಯನ್ನ, ಚಿಪ್ಪನ್ನಲ್ಲ. ಇವನ ಕಾರ್ಡನ್ನ ಮತ್ತೆ ಜೋಡಿಸಿ ಎಚ್‌ಡಬ್ಲ್ಯೂಇನ್ಫೋ ಹಾಕಿ ನೋಡಿದೆ. ಜಿಪಿಯು 79, ಹಾಟ್‌ಸ್ಪಾಟ್ 107, ಮೆಮೊರಿ 108. ಮೊದಲ ಎರಡರ ನಡುವೆ ಹತ್ತು ಹದಿನೈದು ಡಿಗ್ರಿ ಅಂತರ ಸಹಜ. 28 ಅಂದ್ರೆ ಚಿಪ್ಪಿನ ಮೇಲಿನ ಪೇಸ್ಟ್ ಎಲ್ಲೋ ಖಾಲಿಯಾಗಿದೆ. ಮತ್ತೆ ಅದೇ ಹಿಗ್ಗೋದು-ಕುಗ್ಗೋದು. ಪ್ರತಿ ಸಲವೂ ಪೇಸ್ಟ್‌ನ ಇಷ್ಟಿಷ್ಟೇ ಅಂಚಿಗೆ ತಳ್ಳುತ್ತೆ. ಬಿಚ್ಚಿದಾಗ ಹಾಗೇ ಇತ್ತು, ನಡುವೆ ಬೋಳು, ಅಂಚಿನಲ್ಲಿ ಒಣಗಿದ ಹಿಟ್ಟಿನ ಥರ ಗಟ್ಟಿ. ಮೆಮೊರಿ ಮೇಲಿನ ಪ್ಯಾಡ್‌ಗಳು ಎಣ್ಣೆ ಬಿಟ್ಟು ಪುಡಿಪುಡಿ.

ಶನಿವಾರ ಸಿಕಂದರಾಬಾದ್‌ನ ಚೆನಾಯ್ ಟ್ರೇಡ್ ಸೆಂಟರ್‌ಗೆ ಹೋಗಿ ಪೇಸ್ಟ್, ಪ್ಯಾಡ್ ತಂದ್ವಿ. ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್, ದೆಹಲಿಯವರಿಗೆ ನೆಹರೂ ಪ್ಲೇಸ್, ಚೆನ್ನೈಯವರಿಗೆ ರಿಚ್ಚಿ ಸ್ಟ್ರೀಟ್. ಪ್ಯಾಡ್‌ನ ದಪ್ಪ ಮಾತ್ರ ನಿಮ್ಮ ಕಾರ್ಡ್‌ಗೆ ಎಷ್ಟು ಅಂತ ಮೊದಲೇ ನೋಡ್ಕೊಳ್ಳಿ. ಅರ್ಧ ಮಿಲಿಮೀಟರ್ ದಪ್ಪದ್ದು ಹಾಕಿದ್ರೆ ಹೀಟ್‌ಸಿಂಕ್ ಎತ್ತಿಕೊಂಡು ಚಿಪ್ಪನ್ನೇ ಮುಟ್ಟಲ್ಲ, ತೆಳ್ಳಗಾದ್ರೆ ಮೆಮೊರಿ ಮುಟ್ಟಲ್ಲ. ಹಳೇ ಪೇಸ್ಟ್ ಐಸೋಪ್ರೊಪೈಲ್‌ನಲ್ಲಿ ಒರೆಸಿ, ಹೊಸದು ಹಚ್ಚಿ, ಸ್ಕ್ರೂಗಳನ್ನ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದ್ವಿ. ಆಮೇಲೆ ಅಂಡರ್‌ವೋಲ್ಟ್. ಚಿಪ್ ತಿನ್ನೋ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ವೇಗ ಹಾಗೇ ಇಟ್ಟು 1.05 ವೋಲ್ಟ್‌ನಿಂದ 0.9ಕ್ಕೆ ಇಳಿಸಿದ್ರೆ ಲೆಕ್ಕದಲ್ಲಿ ಕಾಲು ಭಾಗ ಉಳೀತು. ಇವನ ಕಾರ್ಡ್ 0.9ರಲ್ಲಿ ನಿಲ್ಲಲಿಲ್ಲ, 0.925ಕ್ಕೆ ಒಪ್ಪಿಕೊಂಡಿತು, ವೇಗ ಒಂದು ಚೂರು ಇಳಿಸಬೇಕಾಯ್ತು.

ರಾತ್ರಿ ಹತ್ತಕ್ಕೆ ಕೋಣೆ 35 ಡಿಗ್ರಿ. ಒಂದು ಗಂಟೆ ರೆಂಡರ್ ಓಡಿಸಿದ ಮೇಲೆ ಜಿಪಿಯು 70, ಹಾಟ್‌ಸ್ಪಾಟ್ 83, ಮೆಮೊರಿ 88. ಇವನು ಮಾತೇ ಆಡದೆ ಆ ಮೂರು ಅಂಕಿಗಳನ್ನ ನೋಡ್ತಾ ಕೂತಿದ್ದ. ಎರಡು ವಾರದಿಂದ ಕ್ಯಾಬಿನೆಟ್‌ನ ಪಕ್ಕದ ಹಲಗೆ ತೆಗೆದು ಟೇಬಲ್ ಫ್ಯಾನ್ ಇಟ್ಟಿದ್ದ, ನಾವು ಹಾಸ್ಟೆಲ್‌ನಲ್ಲಿ ಮಾಡ್ತಿದ್ದಂಗೆ.

"ಅಣ್ಣಾ, ಬಾಗಿಲಾ ಹಾಕ್ಲೇನು?"

ಹಾಕು ಅಂದೆ. ಹಾಕಿದ. ಎರಡು ಡಿಗ್ರಿ ಏರಿತು, ಅಲ್ಲೇ ನಿಂತಿತು.